ಹಲಗೆ ಗೋಡೆ ನಡುಗಿಸಿದ ರೇಡಿಯೋ

ತಟ್ಟೆಯಲ್ಲಿದ್ದ ವಿಭೂತಿಗಟ್ಟಿ ತಾನೇ ತಾನಾಗಿ ಕುಣಿಯತೊಡಗಿತು.

ತಂಗೆವ್ವ ಓದುವುದನ್ನು ನಿಲ್ಲಿಸಿದಳು. ಹಲಗೆ ಗೋಡೆಯ ಆಚೆಯಿಂದ ಧಂ... ಧಂ... ರೇಡಿಯೋದ ದಪ್ಪ ದನಿ. ಹಾಡಿನ ಮಾತು ಒಂದೂ ತಿಳಿಯದು, ಡಗ್ಗಾದ ಏಟು ಮಾತ್ರ ನೇರ ಎದೆಗೇ ಬಂದು ಬಡಿಯುವುದು.

ಹಲಕರ್ಣಿಯಿಂದ ಇಚಲಕರಂಜಿಯ ಈ ಸಾಲುಮನೆಗಳ ಚಾಳಿಗೆ, ಸೋದರತ್ತೆ ಮುದಕವ್ವನ ಮನೆಗೆ ಬಂದು ಅವಳಿಗಿನ್ನೂ ಎಂಟು ದಿನ. ಕಣ್ಣು ಮಂಜಾದ ಅತ್ತೆಗೆ ಸಂಜೆಯಾದರೆ ಪುರಾಣದ ಪದ್ಯ ಓದಿ ಹೇಳುವುದು ಅವಳ ಪಾಲಿನ ಕೆಲಸ. ದೇವರ ಪದ್ಯದ ನಡುವೆ ಇದೆಂಥ ಬಡಿತ?

ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಪಕ್ಕದ ಬಾಗಿಲಿಗೆ ಹೋದಳು. ಎದುರಿಗೆ ಎತ್ತರದ ಆಳು, ಕೂದಲ ತುಂಬ ಹತ್ತಿಯ ಎಳೆ. ಪವರ್‌ಲೂಮಿನ ಸಾತಪ್ಪ. ರೇಡಿಯೋ ಸ್ವಲ್ಪ ಸಣ್ಣ ಮಾಡ್ರಿ ಎಂದಳು. ಅವನು ಅವಳ ಕಣ್ಣನ್ನೇ ನೋಡಿದ. ಮೆಲ್ಲಗೆ ನಕ್ಕ. ಒಳಗೆ ಹೋಗಿ ದನಿಯನ್ನು ಇನ್ನೂ ಜೋರು ಮಾಡಿದ!

ಎಂಥ ಸೊಕ್ಕು... ಆದರೂ ಆ ನಗೆ ಮನೆಯ ತನಕ ಅವಳ ಬೆನ್ನು ಬಿಡಲಿಲ್ಲ.

ತಿಂಗಳು ಕಳೆಯಿತು. ಸಾತಪ್ಪ ದಿನಾ ಅತ್ತೆಯ ಕೊಡ ತುಂಬಿಕೊಟ್ಟ, ಸೋರುವ ಹಂಚು ತಿರುವಿದ. ಸೋಮವಾರ ಅವನ ತಾಯಿ ಗಡಹಿಂಗ್ಲಜದಿಂದ ಹೆಣ್ಣು ಕೇಳಲು ಬರುತ್ತಾಳೆ, ಹೂಂ ಅಂತೀಯೋ ಊಹೂಂ ಅಂತೀಯೋ ಎಂದು ಅತ್ತೆ ಕೇಳಿದಳು. ಹೂಂ ಎನ್ನಲು ತಂಗೆವ್ವನ ನಾಲಿಗೆ ತುದಿಗಾಲಲ್ಲಿ ನಿಂತಿತ್ತು.

ಆದರೆ ನಾಗೂಬಾಯಿ ಇದ್ದಳಲ್ಲ!

ಸಾತಪ್ಪ ದುಡಿಯುವ ಮಗ್ಗದ ಶೆಡ್ಡಿನಲ್ಲೇ ಕಾಂಡಿಗೆ ನೂಲು ಸುತ್ತುವ ಹುಡುಗಿ, ಎದುರು ಸಾಲಿನವಳು. ದಿನಾ ಮುಂಜಾನೆ ತನ್ನ ಮೆಟ್ಟಿಲ ಮೇಲೆ ನಿಂತು ತುಟಿಯಾಡಿಸುತ್ತಾಳೆ. ಉಸಿರಿಲ್ಲ, ಸಪ್ಪಳವಿಲ್ಲ. ಸಾತಪ್ಪ ಈಚೆಯಿಂದ ಆ ತುಟಿಗಳನ್ನೇ ರೆಪ್ಪೆ ಬಡಿಯದೆ ನೋಡುತ್ತಾನೆ. ತಾನೂ ತುಟಿಯಾಡಿಸುತ್ತಾನೆ. ಇಬ್ಬರೂ ನಗುತ್ತಾರೆ. ಊರ ಮುಂದೆ ನಿಂತು ಗುಟ್ಟು ಮಾತಾಡುವ ವಿದ್ಯೆ!

ತಂಗೆವ್ವನ ಒಡಲಲ್ಲಿ ಬೂದಿ ಮುಚ್ಚಿದ ಕೆಂಡ. 'ನಾ ನಾಕು ಸಲ ಮಾತಾಡಿಸಿದೆ, ಒಂದಕ್ಕೂ ಉತ್ತರ ಇಲ್ಲ. ಆಕಿ ತುಟಿ ಮ್ಯಾಗಿಂದ ಮಾತ್ರ ಕಣ್ಣ ಕೀಳೂದಿಲ್ಲ...'

ಐತವಾರ ಮಧ್ಯಾಹ್ನ ಮತ್ತೆ ಧಂ ಧಂ. ಇವತ್ತು ರೇಡಿಯೋ ವಿಷಯವನ್ನೂ ಮದುವೆ ವಿಷಯವನ್ನೂ ಒಟ್ಟಿಗೇ ಮುಗಿಸುತ್ತೇನೆಂದು ಹೊರಟಳು. ಗೋಡೆಗೆ ಬಡಿದ ಹಲಗೆಯ ಮೇಲೆ ರೇಡಿಯೋ. ಸಾತಪ್ಪ ಬಾಗಿಲಿಗೆ ಬೆನ್ನು ಹಾಕಿ, ಅದರ ಪೆಟ್ಟಿಗೆಗೆ ಅಂಗೈ ಹಚ್ಚಿ ನಿಂತಿದ್ದ.

ಅಷ್ಟರಲ್ಲಿ ಕರೆಂಟು ಹೋಯಿತು. ರೇಡಿಯೋ ಸತ್ತು ಚಾಳೆಲ್ಲ ಗಪ್ ಆಯಿತು.

"ನಾಳೆ ನಿಮ್ಮವ್ವನ್ನ ನಾಗೂಬಾಯಿ ಮನಿಗೇ ಕರಕೊಂಡ ಹೋಗ್ರಿ," ಎಂದಳು ಅವನ ಬೆನ್ನಿಗೆ. "ನಿಮ್ಮನ್ನ ಮನಸಿನ್ಯಾಗ ಇಟಗೊಂಡಿದ್ದೆ... ನಂದs ತಪ್ಪು."

ಅವನು ತಿರುಗಲಿಲ್ಲ. ಇನ್ನೊಮ್ಮೆ ಹೇಳಿದಳು. ಆಗಲೂ ಇಲ್ಲ. ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟುತ್ತ ನಿಂತೇ ಇದ್ದ.

"ಬೆನ್ನಿಗೆ ಹೇಳಿದರ ಅವಗ ಹ್ಯಾಂಗ ತಿಳೀಬೇಕ, ತಂಗಿ?" ಹಿಂದೆ ಕೊಡ ಹೊತ್ತ ನಾಗೂಬಾಯಿ. "ಹನ್ನೆರಡು ವರ್ಷ ಮಗ್ಗದ ಸಪ್ಪಳದ ನಡುವ ನಿಂತು ಕಿವಿ ಮಂದ ಆಗ್ಯಾವ. ದಪ್ಪ ದನಿ ಅಷ್ಟ ಅವನ ಕಿವಿ ಮುಟ್ಟತೈತಿ. ಶೆಡ್ಡಿನ್ಯಾಗ ನಾವೆಲ್ಲಾ ತುಟಿ ನೋಡಿನs ಮಾತಾಡೂದು. ನಲವತ್ತು ಮಂದಿ ನನ್ನ ಕೂಡ ಹಿಂಗ ಮಾತಾಡ್ತಾರ, ನಲವತ್ತೂ ಮಂದಿ ನನ್ನ ಗಂಡಂದಿರೇನು? ನೀ ಬಾಯಿಗೆ ಸೆರಗ ಹಚ್ಚಿ ನಿಂತರ ಪಾಪ, ಅವ ಏನ ಓದಬೇಕು?"

ತಂಗೆವ್ವ ತಾನು ಬಾಯಿಗೆ ಅಡ್ಡ ಹಿಡಿದಿದ್ದ ಸೆರಗನ್ನು ನೋಡಿಕೊಂಡಳು.

ನೆರಳು ಕಂಡು ಸಾತಪ್ಪ ತಿರುಗಿದ. ನಾಗೂಬಾಯಿ ಅವನತ್ತ ಏನೋ ತುಟಿಯಾಡಿಸಿ ನಕ್ಕು ಹೋದಳು. ಎಲ್ಲ ತಿಳಿದ ಮೇಲೂ ತಂಗೆವ್ವನ ಎದೆ ಒಮ್ಮೆ ಚುರ್ ಎಂದಿತು!

ಸೆರಗು ಇಳಿಸಿದಳು. ಮೊದಲ ಸಲ ಅವನು ಅವಳ ತುಟಿ ನೋಡಿದ. ಹೇಳಬೇಕೆಂದದ್ದೆಲ್ಲ ಮರೆತುಹೋಗಿ ಬಾಯಿಗೆ ಬಂದದ್ದು ಒಂದೇ.

"ರೇಡಿಯೋ ಸಣ್ಣ ಮಾಡ್ರಿ..."

ಅವನ ಮುಖ ಸಪ್ಪಗಾಯಿತು. "ಅವತ್ತ ಇದನ್ನ ಹೇಳಾಕ ಬಂದಿದ್ದೆಯಾ? ನಿನಗ ಹಾಡು ಬೇಕಾಗೇತಿ ಅಂತ ತಿಳದು ನಾ ಜೋರ ಮಾಡಿದ್ನಲ್ಲ."

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಓಡಿಹೋಗಿ ತನ್ನ ಕೌದಿ ತಂದು ನಾಲ್ಕು ಮಡಿಕೆ ಮಾಡಿದಳು. ಇಬ್ಬರೂ ಸೇರಿ ರೇಡಿಯೋವನ್ನು ಗೋಡೆಯಿಂದ ಬಿಡಿಸಿ, ಕೋಣೆಯ ನಡುವಿನ ಮೇಜಿನ ಮೇಲೆ ಕೌದಿ ಹಾಸಿ ಕೂರಿಸಿದರು. ದಪ್ಪ ದನಿಯ ಗುಂಡಿಯನ್ನು ಅವನೇ ಹಿಂದಕ್ಕೆ ತಿರುವಿದ. ಕರೆಂಟು ಬಂತು. ರೇಡಿಯೋ ಮೆಲ್ಲಗೆ ಬಿಸಿಯಾಗಿ ಹಾಡತೊಡಗಿತು. ತಂಗೆವ್ವ ಹಲಗೆ ಗೋಡೆಗೆ ಕೈ ಹಚ್ಚಿ ನೋಡಿದಳು. ನಡುಕವಿಲ್ಲ.

"ಇನ್ನ ನಿಮಗ ಕೇಳೂದಿಲ್ಲಲ್ರೀ..."

"ಅಂಗೈ ಇಟ್ಟರ ಸ್ವಲ್ಪ ತಿಳೀತೈತಿ. ಉಳದದ್ದು... ನೀ ಸಂಜೀಗೆ ಓದೂ ಪದ್ಯ ನನ್ನ ಎದುರಿಗೆ ಕುಂತು ಓದು." ಅವಳ ಎದುರಿಗೆ ಬಂದು ನಿಂತ. "ನನ್ನ ಬೆನ್ನಿಗೆ ಏನೋ ಹೇಳಿದೆಯಂತ, ನಾಗೂಬಾಯಿ ಅಂದಳು. ಏನದು?"

ಕೈ ಮತ್ತೆ ಸೆರಗಿನತ್ತ ಹೋಯಿತು. ಅರ್ಧಕ್ಕೇ ಇಳಿಯಿತು. ಬಾಗಿಲಾಚೆ ಚಾಳಿನ ಮಂದಿಯೆಲ್ಲ ಕೂತಿದ್ದರು. ತಂಗೆವ್ವ ಉಸಿರಿಲ್ಲದೆ, ಸಪ್ಪಳವಿಲ್ಲದೆ, ಬರೀ ತುಟಿಯಾಡಿಸಿ ಹೇಳಿದಳು.

ಅವನ ಕಣ್ಣು ತುಂಬಿ ಬಂತು. "ಇನ್ನೊಮ್ಮೆ ಹೇಳು."

"ತಿಳೀಲಿಲ್ಲೇನ್ರಿ?"

"ಪೂರಾ ತಿಳೀತು. ಅದಕ್ಕs ಕೇಳಾಕತ್ತೇನಿ."