ಬೇರೆ ಗಾಡಿಯ ಗಾಲಿಗಳು

ರಾಯಚೂರು ಸ್ಟೇಷನ್ನಿನ ಹಿಂದಿನ ಗ್ಯಾರೇಜಿಗೆ ಡಾಕ್ಟರ್ ಅಹಲ್ಯಾಬಾಯಿ ಮೊದಲ ಸಲ ಬಂದಾಗ ಪ್ರಾಣೇಶ ಒಂದು ಲಾರಿಯ ಆಚೆ ನಿಂತಿದ್ದ. ಅವನ ಮುಖವಷ್ಟೇ ಕಾಣುತ್ತಿತ್ತು. ಹಣೆಯ ಮೇಲೆ ಅಂಗಾರ, ಅಕ್ಷತೆ. ಯಾರೋ ಪೂಜೆಗೆ ಬಂದ ಆಚಾರ್ಯರು ಎಂದುಕೊಂಡ ಆಕೆ, ಮಿಸ್ತ್ರಿ ಎಲ್ಲಿ ಹೋಗಿದ್ದಾರೆ ಎಂದು ಬಹಳ ಮರ್ಯಾದೆಯಿಂದ ಕೇಳಿದಳು.

"ಕೂಡ್ರಿ, ಕರಕೊಂಡು ಬರತೀನಿ," ಎಂದು ಅವನು ಒಳಗೆ ಹೋದ. ಕೈಯಲ್ಲೊಂದು ನಟ್ಟು ಬಿಗಿಯುವ ಪಾನಾ ಹಿಡಿದು, ಮೊಳಕೈವರೆಗೆ ಗ್ರೀಸು ಮೆತ್ತಿದ ಅದೇ ಆಚಾರ್ಯ ಅದೇ ಬಾಗಿಲಿಂದ ಹೊರಗೆ ಬಂದ. "ಬಂದಾನ್ರಿ ಮಿಸ್ತ್ರಿ."

ಆಕೆ ನಗಲಿಲ್ಲ. ಆದರೆ ನಗು ತಡೆಯಲು ಕೆಳತುಟಿ ಕಚ್ಚಿಕೊಂಡಳು. ಪ್ರಾಣೇಶ ಅಲ್ಲಿಗೇ ಕೆಟ್ಟುಹೋದ.

ಅವನ ತಂದೆ ಮಾನ್ವಿಯಲ್ಲಿ ದೇವರ ಪೂಜೆ ಮಾಡಿಕೊಂಡಿದ್ದವರು. ಪಂಚಾಂಗ ಹಿಡಿಯಬೇಕಾದ ಮಗ ಮೋಟಾರಿನ ಕೆಳಗೆ ಅಂಗಾತ ಮಲಗುತ್ತಾನೆಂದು ಊರೆಲ್ಲ ಆಡಿಕೊಂಡು ಸುಸ್ತಾಗಿತ್ತು. ಅಹಲ್ಯಾಬಾಯಿಯೂ ಮಾನ್ವಿಯಲ್ಲೇ ಇದ್ದಳು. ಹೈದರಾಬಾದಿನಲ್ಲಿ ಓದಿ, ಸುತ್ತಿನ ಹಳ್ಳಿಗಳ ಹೆರಿಗೆ ನೋಡಲು ಬಂದವಳು. ತೀರಿಹೋದ ಸೋದರಮಾವ ಬಿಟ್ಟುಹೋದ ಕೆಂಪು ಸ್ಪೋರ್ಟ್ಸ್ ಕಾರು ಆಕೆಯದು. ಎರಡೇ ಸೀಟು, ನೆಲಕ್ಕೆ ತಾಗುವಂಥ ಹೊಟ್ಟೆ. ನಮ್ಮ ಕಡೆಯ ಕಲ್ಲುಹಾದಿ ಅದರ ನಾಲ್ಕೂ ಗಾಲಿಗಳನ್ನು ಹಪ್ಪಳ ಮಾಡಿಬಿಟ್ಟಿತ್ತು. ಲಡಾಯಿಯ ಕಾಲ, ರಬ್ಬರ್ ಬೆಳೆಯುವ ದೇಶಗಳೆಲ್ಲ ಜಪಾನಿನವರ ಕೈಯಲ್ಲಿ. ಹೊಸ ಟೈರು, ಹೊಸ ಗಾಲಿ ಎಂಬ ಮಾತೇ ಇರಲಿಲ್ಲ.

ಅದರ ಮೇಲೆ ಹೈದರಾಬಾದಿನಿಂದ ಆಕೆಯ ತಂದೆ, ವಕೀಲ ಶೇಷಗಿರಿರಾಯರ ಕಾಗದ. ಮಗಳು ಎತ್ತಿನ ಗಾಡಿಯಲ್ಲಿ ಹಳ್ಳಿ ತಿರುಗುವ ಸುದ್ದಿ ಅವರಿಗೆ ಮುಟ್ಟಿತ್ತು. ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ದೇವದುರ್ಗಕ್ಕೆ, ತಂಗಿಯ ಮನೆಗೆ ಬರುತ್ತೇನೆ. ಹನ್ನೆರಡು ಗಂಟೆಯೊಳಗೆ ನಿನ್ನ ಮೋಟಾರಿನಲ್ಲಿ ಬಂದು ತೋರಿಸಿದರೆ ಮಾನ್ವಿಯಲ್ಲಿ ಇರು. ಇಲ್ಲವಾದರೆ ನನ್ನ ಜೊತೆ ಹೊರಡು. ಬರೆದದ್ದು ಇಷ್ಟೇ. ವಕೀಲರು ಬರೆದ ಮೇಲೆ ಅಪೀಲು ಇರಲಿಲ್ಲ.

ಪ್ರಾಣೇಶನಿಗೆ ಇದು ಗೊತ್ತಾದಾಗ ಉಳಿದದ್ದು ಒಂಬತ್ತು ದಿನ. ಆಕೆ ಮಾನ್ವಿಯಲ್ಲಿ ಉಳಿಯುವುದು ಬಿಡುವುದು ತನ್ನ ಪಾನಾದ ಮೇಲೆ ನಿಂತಿದೆ ಎಂದು ಅವನಿಗೆ ಊಟ ಸೇರಲಿಲ್ಲ.

ಹತ್ತಿ ವ್ಯಾಪಾರಿಯೊಬ್ಬರ ಹಳೆಯ ದೊಡ್ಡ ಕಾರು ಶೆಡ್ಡಿನಲ್ಲಿ ಕೊಳೆಯುತ್ತಿತ್ತು. ಅದರ ಗಾಲಿಗಳನ್ನು ಬೇಡಿ ತಂದ. ಐದು ಬೋಲ್ಟು, ಐದು ತೂತು, ಸರಿಯಾಗಿ ಕೂತವು. ಗ್ಯಾರೇಜಿನಲ್ಲಿ ಕಬ್ಬಿಣ ಕಡೆಯುವ ಲೇತು ನಡೆಸುತ್ತಿದ್ದ ಅಲ್ಲಾಉದ್ದೀನ್ ಮಾಮಾ ಕೈ ತಟ್ಟಿದರು. ಪ್ರಾಣೇಶ ಮಾತ್ರ ತಲೆ ಆಡಿಸಿದ. ತೂತು ಹೊಂದಿದರೆ ಗಾಲಿ ಹೊಂದಿದಂತಲ್ಲ. ನಟ್ಟಿನ ಮೂತಿಯ ಇಳಿಜಾರು ಒಂದು ಥರ, ಗಾಲಿಯ ತೂತಿನ ಇಳಿಜಾರು ಇನ್ನೊಂದು ಥರ ಇತ್ತು. ಹಾಗೇ ಬಿಗಿದರೆ ಕಣ್ಣಿಗೆ ಗಟ್ಟಿ, ಹಾದಿಯಲ್ಲಿ ಸಡಿಲ. ಇಪ್ಪತ್ತು ನಟ್ಟುಗಳನ್ನೂ ಮಾಮಾನ ಲೇತಿನಲ್ಲಿ ಗಾಲಿಗೆ ಹೊಂದುವಂತೆ ಕಡೆಸಿದ.

ಆಮೇಲೆ ಬಂತು ನೋಡಿ ಅವನ ಜನ್ಮದಲ್ಲೇ ಸಿಹಿಯಾದ ಮಧ್ಯಾಹ್ನ. ಸ್ಟೇರಿಂಗು ಪೂರ್ತಿ ತಿರುಗಿದಾಗ ಗಾಲಿ ಎಲ್ಲಿಯಾದರೂ ಉಜ್ಜುತ್ತದೆಯೋ ಎಂದು, ಜನ ಕೂತ ಭಾರದಲ್ಲೇ ನೋಡಬೇಕಿತ್ತು. ಆಕೆಯನ್ನು ಸ್ಟೇರಿಂಗಿಗೆ ಕೂರಿಸಿ, ಪಕ್ಕದಲ್ಲಿ ಹಸನಾಗಿ ಹೊಟ್ಟೆ ಬೆಳೆಸಿದ ಮಾಮಾನನ್ನು ಕೂರಿಸಿ, ತಾನು ಮುಂದಿನ ಗಾಲಿಯ ಹತ್ತಿರ ನೆಲಕ್ಕೆ ಒರಗಿದ.

"ಎಡಕ್ಕ ಪೂರಾ ತಿರಗಸ್ರಿ."

ಆಕೆ ತಿರುಗಿಸಿ, ಬಾಗಿಲಿನಿಂದ ಬಗ್ಗಿ ನೋಡಿದಳು. ಕಿವಿಯ ಬುಗುಡಿಯೊಂದು ಬಿಸಿಲಿಗೆ ಮಿನುಗಿತು. ಮಡ್‌ಗಾರ್ಡು ನೋಡಬೇಕಾದವನು ಬುಗುಡಿ ನೋಡಿದ.

"ತಾಗಾಕತ್ತದೇನು?"

"ಹೂಂ, ತಾಗಾಕತ್ತದ," ಎಂದ ಪ್ರಾಣೇಶ.

ಎಲ್ಲಿ ತಾಗುತ್ತಿದೆ ಎಂದು ಆಕೆ ಮತ್ತೆ ಕೇಳಬೇಕಾಯಿತು. ಅವನು ಬೆವರು ಒರೆಸಿಕೊಂಡು ಮಡ್‌ಗಾರ್ಡಿನ ಒಳ ಅಂಚು ಎಂದ. ಮಾಮಾ ಆಕಾಶ ನೋಡುತ್ತ ಮೀಸೆಯಲ್ಲೇ ನಕ್ಕರು. ಆ ಅಂಚನ್ನು ಬಡಿದು ಮಡಚಲು ಎರಡು ದಿನ ಹಿಡಿಯಿತು. ಅಷ್ಟು ಹಿಡಿಯುವ ಕೆಲಸವೇನೂ ಅಲ್ಲ. ಆದರೆ ದಿನವೂ ಆಕೆ ಕೂತು ಸ್ಟೇರಿಂಗು ತಿರುಗಿಸಬೇಕಿತ್ತಲ್ಲ.

ಭಾನುವಾರ ಬೆಳಿಗ್ಗೆ ಗಾಲಿ ಕೂರಿಸುವ ಮುಂಚೆ, ಅವು ಕೂರುವ ನಾಲ್ಕು ಕಬ್ಬಿಣದ ಮುಖಗಳನ್ನು ಪ್ರಾಣೇಶ ಕನ್ನಡಿಯಂತೆ ತಿಕ್ಕಿ, ಕೈ ತೊಳೆಯಲು ಹೋದ. ತಿರುಗಿ ಬರುವಷ್ಟರಲ್ಲಿ ಅಹಲ್ಯಾಬಾಯಿ ಆ ನಾಲ್ಕಕ್ಕೂ ದಪ್ಪಗೆ ಅರಿಷಿಣ ಹಚ್ಚಿ, ಕುಂಕುಮವಿಟ್ಟು, ನಾಲ್ಕು ಕಾಳು ಅಕ್ಷತೆ ಅಂಟಿಸಿದ್ದಳು. ಹೊಸದು ಮನೆಗೆ ಬಂದರೆ ಪೂಜೆ ಆಗಲೇಬೇಕು, ಅಷ್ಟು ಚೊಕ್ಕ ತಿಕ್ಕಿದ್ದಾರೆಂದರೆ ಪೂಜೆಯ ಜಾಗ ಅದೇ ಇರಬೇಕು ಎಂದು ಆಕೆಯ ಲೆಕ್ಕ.

ಗಾಲಿಗೂ ಆ ಮುಖಕ್ಕೂ ನಡುವೆ ಒಂದು ಕೂದಲೆಳೆಯೂ ಸಿಗಬಾರದು, ಸಿಕ್ಕರೆ ನಟ್ಟು ಸಡಿಲಾಗುತ್ತದೆ. ಒರೆಸಲು ಅವನು ಅರಿವೆ ತೆಗೆದ. ಅರಿಷಿಣದಲ್ಲಿ ಸಣ್ಣ ಬೆರಳಿನ ಗೆರೆಗಳು ಎದ್ದು ಕಾಣುತ್ತಿದ್ದವು. ಅರಿವೆ ಜೇಬಿಗೆ ಹೋಯಿತು. ಇಷ್ಟಕ್ಕೆ ಏನಾದೀತು ಎಂದು ಅದರ ಮೇಲೇ ಗಾಲಿ ಕೂರಿಸಿ ಬಿಗಿದುಬಿಟ್ಟ.

ಒಂಬತ್ತಕ್ಕೆ ರಾಯಚೂರು ಬಿಟ್ಟು ದೇವದುರ್ಗಕ್ಕೆ ಹೊರಟರು. ಹೊಸದಾಗಿ ಕೂರಿಸಿದ ಗಾಲಿಯ ನಟ್ಟನ್ನು ಹತ್ತು ಮೈಲಿಗೊಮ್ಮೆ ನೋಡಬೇಕೆಂದು ಹೇಳಿ ಪ್ರಾಣೇಶ ಪಕ್ಕದ ಸೀಟು ಸಂಪಾದಿಸಿದ್ದ. ಆಕೆ ಸೆರಗು ಸೊಂಟಕ್ಕೆ ಸಿಗಿಸಿ ನಡೆಸಿದಳು. ಗಾಡಿ ನೀರು ಕುಡಿದಷ್ಟು ಸಲೀಸಾಗಿ ಓಡಿತು. ಹತ್ತು ಮೈಲಿಗೆ ನೋಡಿದಾಗ ಎಲ್ಲ ಸರಿಯಿತ್ತು. ಇನ್ನೂ ಹತ್ತು ಮೈಲಿ ದಾಟಿ ಗಬ್ಬೂರಿನಲ್ಲಿ ನೋಡಿದಾಗ ಮುಂದಿನ ಎಡಗಾಲಿಯ ಮೂರು ನಟ್ಟು ಅರ್ಧ ಸುತ್ತು ಸಡಿಲವಾಗಿದ್ದವು. ಸಂದಿಯಿಂದ ಹಳದಿ ಹುಡಿ ಉದುರಿತ್ತು. ಅಕ್ಷತೆ ಹಿಟ್ಟಾಗಿತ್ತು, ಅರಿಷಿಣ ಒಣಗಿ ಪುಡಿಯಾಗಿತ್ತು.

ಗಂಟೆ ಹತ್ತೂವರೆ. ಬಿಗಿ ಮಾಡಿ ಹೋಗೋಣ, ಇನ್ನು ಹದಿನಾಲ್ಕೇ ಮೈಲಿ ಎಂದಳು ಅಹಲ್ಯಾಬಾಯಿ.

ಪ್ರಾಣೇಶ ಪಾನಾ ಹಿಡಿದು ಕೂತೇ ಇದ್ದ. ಬಿಗಿ ಮಾಡಿದರೆ ಹೆಚ್ಚೂಕಡಿಮೆ ಮುಟ್ಟುತ್ತಾರೆ. ಆಕೆ ಮಾನ್ವಿಯಲ್ಲಿ ಉಳಿಯುತ್ತಾಳೆ. ಅವನು ಬಾಯಿ ಮುಚ್ಚಿಕೊಂಡರೆ ಸಾಕಿತ್ತು. ಆದರೆ ಆ ಹೆಚ್ಚೂಕಡಿಮೆ ನೆನೆದು ಅವನು ಪಾನಾ ಕೆಳಗಿಟ್ಟ.

"ಇಲ್ರಿ. ನಾಲ್ಕೂ ಬಿಚ್ಚಿ ಒರಸಬೇಕು."

"ಹನ್ನೆರಡು ದಾಟತದ. ನಾ ಹೈದರಾಬಾದಿಗೆ ಹೋಗಬೇಕಾಗತದ."

"ಗೊತ್ತದ್ರಿ. ಅಲ್ಲ್ಯರ ಇರ್ರಿ, ಚಂದ ಇದ್ರ ಸಾಕು." ಅವನು ತಲೆ ಎತ್ತಲಿಲ್ಲ. "ತಪ್ಪು ನಂದ. ನೀವು ಅರಿಷಿಣ ಹಚ್ಚಿದ್ದು ನೋಡಿದ್ದೆ. ಒರಸಬೇಕಾಗಿತ್ತು."

"ಮತ್ತ ಯಾಕ ಒರಸಲಿಲ್ಲ?"

"ಅದರಾಗ ನಿಮ್ಮ ಬೆರಳಿನ ಗುರುತು ಇದ್ವು. ಒರಸಾಕ ಮನಸ್ಸು ಬರಲಿಲ್ಲ."

ಬಾವಿಗೆ ಹೊರಟಿದ್ದ ಇಬ್ಬರು ಹೆಂಗಸರು ಕೆಂಪು ಗಾಡಿ ನೋಡುತ್ತ ನಿಂತಿದ್ದರು. ಅಹಲ್ಯಾಬಾಯಿಯ ಮುಖ ಗಾಡಿಗಿಂತ ಕೆಂಪಾಯಿತು. ಆಕೆ ಬಳೆ ಮೇಲಕ್ಕೆ ಸರಿಸಿ ಅವನ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಅವನ ಜೇಬಿನಿಂದ ಇಣುಕುತ್ತಿದ್ದ ಅರಿವೆಯನ್ನು ತಾನೇ ಎಳೆದುಕೊಂಡಳು.

"ಇನ್ನ ಮ್ಯಾಲೆ ನಾ ಮಡ್‌ಗಾರ್ಡಿಗೆ ಹಚ್ಚತೀನಿ," ಎಂದಳು ಮೆಲ್ಲಗೆ.

"ಇನ್ನ ಮ್ಯಾಲೆ ಅಂದ್ರ?"

"ಇನ್ನ ಮ್ಯಾಲೆ ಅಂದ್ರ ಇನ್ನ ಮ್ಯಾಲೆ. ಜಾಕ್ ಹಚ್ಚರಿ ಮದಲ."

ಆಪರೇಷನ್ನಿಗೆ ಕೈ ತೊಳೆಯುವಷ್ಟು ಶ್ರದ್ಧೆಯಿಂದ ಆಕೆ ನಾಲ್ಕೂ ಮುಖಗಳನ್ನು ಒರೆಸಿದಳು. ಅವನು ಎದುರುಬದುರು ನಟ್ಟುಗಳನ್ನು ಒಂದೊಂದಾಗಿ ಬಿಗಿದ. ನಟ್ಟು ಕೊಡುವಾಗ ಬೆರಳು ತಾಗಿದವು, ಬೇಕೆಂದೇ ತಾಗಿದವು. ಹೋಗುವುದು ತಡವಾಗುತ್ತಿದೆ ಎಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಖುಷಿಯಾಗಿದ್ದರು.

ದೇವದುರ್ಗ ಮುಟ್ಟಿದಾಗ ಒಂದೂಕಾಲು. ಶೇಷಗಿರಿರಾಯರು ಕಟ್ಟೆಯ ಮೇಲೆ ಗಡಿಯಾರ ಹಿಡಿದೇ ಕೂತಿದ್ದರು. ಗಾಡಿಯನ್ನೂ, ಮಗಳ ಹಳದಿ ಕೈಯನ್ನೂ, ಪಕ್ಕದಲ್ಲಿದ್ದವನನ್ನೂ ನೋಡಿ ಯಾಕೆ ತಡವಾಯಿತು ಎಂದು ಕೇಳಿದರು. ಮಗಳು ಬಾಯಿ ತೆರೆಯುವ ಮೊದಲೇ ಪ್ರಾಣೇಶ ಮುಂದೆ ಬಂದು ನಡೆದದ್ದನ್ನೆಲ್ಲ ಹೇಳಿದ. ಬೆರಳಿನ ಗುರುತೊಂದನ್ನು ಮಾತ್ರ ನುಂಗಿಕೊಂಡ.

ಬರೀ ಬಿಗಿ ಮಾಡಿ ಬಂದಿದ್ದರೆ ಏನಾಗುತ್ತಿತ್ತು ಎಂದು ವಕೀಲರು ಪಾಟೀಸವಾಲು ಹಾಕಿದರು.

"ಹನ್ನೆರಡಕ್ಕ ಮದಲ ಬರತಿದ್ವಿ. ಹಾದ್ಯಾಗ ಗಾಲಿ ಕಳಚಿ ಬರಲಿಕ್ಕಿಲ್ಲ ಅನ್ನೋ ಹೆದರಿಕಿ ರೂಪಾಯಿಗೆ ಒಂದಾಣೆ."

"ಆ ಒಂದಾಣೆ ಸಲುವಾಗಿ ಕೇಸ್ ಸೋತ್ರಿ?"

"ಹೌದ್ರಿ. ಒಳಗ ಅವರು ಕುಂತಿದ್ರು."

ರಾಯರು ಗಡಿಯಾರ ಮುಚ್ಚಿ ಜೇಬಿಗೆ ಹಾಕಿಕೊಂಡರು. ಒಮ್ಮೆ ಮಗಳ ಮುಖ ನೋಡಿದರು. ಆಕೆ ಕಂಬ ಹಿಡಿದು ನಿಂತಿದ್ದಳು, ತಾನು ಹೈದರಾಬಾದಿಗೆ ಬರುವುದಿಲ್ಲ ಎಂಬುದು ಆ ಮುಖದ ಮೇಲೆ ಬರೆದಿತ್ತು. ರಾಯರು ಬಹಳ ಹೊತ್ತು ಪ್ರಾಣೇಶನನ್ನು ಮೇಲಿಂದ ಕೆಳಗೆ ನೋಡಿ, ಕಟ್ಟೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.

"ನಿಮ್ಮದು ಯಾವ ಗೋತ್ರ?"

"ಕಾಶ್ಯಪ ರೀ," ಎಂದ ಪ್ರಾಣೇಶ.

"ನಮ್ಮದು ವಸಿಷ್ಠ," ಎಂದಳು ಅಹಲ್ಯಾಬಾಯಿ, ತಂದೆಯನ್ನು ಕೇಳದೆಯೇ.