ಹಾರ್ಮೋನಿಯಂ ಮೇಷ್ಟ್ರ ಡಾಕ್ಟರೇಟ್

ಕಾಫಿ ಕೊಯ್ಲಿನ ತಿಂಗಳು ಕೊಡಗಿನ ಪೊಲೀಸರಿಗೆ ನಿದ್ದೆ ಇಲ್ಲದ ತಿಂಗಳು. ಕಣದಲ್ಲಿ ಒಣಗಲು ಹರಡಿದ ಬೀಜ ಬೆಳಗಾಗುವುದರೊಳಗೆ ಮಾಯವಾಗುತ್ತದೆ, ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು ಠಾಣೆಯ ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ. ಜನವರಿ 21ರ ಮಂಗಳವಾರ ಬೆಳಗ್ಗೆ ಅಂಥ ಇಬ್ಬರನ್ನು ಸಾಗಹಾಕಿ ಇನ್ಸ್‌ಪೆಕ್ಟರ್ ದೇರಪ್ಪ ಕಣ್ಣು ಮುಚ್ಚಿ ಕುಳಿತಿದ್ದರು. ಆಗ ಹಾರಂಗಿ ವಿಶ್ವವಿದ್ಯಾಲಯದ ಕುಲಸಚಿವ ಜಯಪ್ರಕಾಶ್ ಒಳಗೆ ಬಂದು, ಕೂರುವ ಮೊದಲೇ ಫೈಲು ಮೇಜಿನ ಮೇಲಿಟ್ಟರು.

"ಶನಿವಾರ ಘಟಿಕೋತ್ಸವದಲ್ಲಿ ಮೂವರಿಗೆ ಗೌರವ ಡಾಕ್ಟರೇಟ್ ಕೊಟ್ಟೆವಲ್ಲ. ಅದರಲ್ಲಿ ಒಬ್ಬರು ಅವರಲ್ಲ," ಎಂದರು.

"ಅವರಲ್ಲ ಅಂದ್ರೆ?"

"ಪುಟ್ಟಸ್ವಾಮಿ ಅವರ ಹೆಸರಲ್ಲಿ ಬೇರೆ ಯಾರೋ ಬಂದು ತಗೊಂಡು ಹೋಗಿದ್ದಾರೆ."

ದೇರಪ್ಪನವರಿಗೆ ನಿದ್ದೆ ಹಾರಿತು. ಆ ದಿನ ಸಭಾಂಗಣದ ಬಂದೋಬಸ್ತು ಅವರದ್ದೇ. ಕೆಂಪು ಗೌನು ತೊಟ್ಟು ಮೆಟ್ಟಿಲಿಳಿದ ಆ ಮುದುಕನಿಗೆ ಅವರು ಸಲ್ಯೂಟು ಬೇರೆ ಹೊಡೆದಿದ್ದರು.

ಪುಟ್ಟಸ್ವಾಮಿ ಯಾರೆಂದು ಹೆಬ್ಬಾಲೆ ಕಡೆ ಯಾರಿಗೂ ಹೇಳಬೇಕಾಗಿರಲಿಲ್ಲ. ಅಣೆಕಟ್ಟಿನ ನೀರಿಗೆ ಊರು ಬಿಟ್ಟು ಹಾಸನದ ಕಡೆಯಿಂದ ಬಂದು ಕುಶಾಲನಗರದ ಸುತ್ತ ನೆಲೆಸಿದ ಒಕ್ಕಲು ಮನೆಗಳಲ್ಲಿ ಅವರದೂ ಒಂದು. ಹಗಲು ಹೊಲ, ಸಂಜೆ ಹಾರ್ಮೋನಿಯಂ. ಆ ಸೀಮೆಯಲ್ಲಿ ಪೌರಾಣಿಕ ನಾಟಕ ಆಡಿದ ಭೀಮರೂ ದುರ್ಯೋಧನರೂ ಅವರ ಪೆಟ್ಟಿಗೆಯ ಮುಂದೆ ಕುಳಿತು ಬೈಸಿಕೊಂಡೇ ಹಾಡು ಕಲಿತವರು. ಶನಿವಾರ ಡಾಕ್ಟರೇಟ್ ತಂದು, ಅದೇ ಸಂಜೆ ತೀರಿಕೊಂಡರೆಂದು ಸುದ್ದಿಯಾಗಿತ್ತು. ಎಂಥ ಪುಣ್ಯದ ಸಾವು ಎಂದು ಊರೆಲ್ಲ ಕಣ್ಣೊರೆಸಿಕೊಂಡಿತ್ತು.

"ಅನುಮಾನ ಯಾರಿಗೆ ಬಂತು?"

"ಜೊತೆಗೆ ಡಾಕ್ಟರೇಟ್ ಪಡೆದ ಹಾಕಿ ಕೋಚ್ ಅನಿಲ್‌ಕುಮಾರ್ ಅವರಿಗೆ. ನೋಡಿ, ನಮ್ಮ ನಿಯಮ ಸ್ಪಷ್ಟ. ಪದವಿ ಬದುಕಿರುವವರಿಗೆ ಮಾತ್ರ, ಅದೂ ಖುದ್ದು ಬಂದು ಪಡೆಯಬೇಕು. ಪುಟ್ಟಸ್ವಾಮಿ ಮೊದಲೇ ತೀರಿಕೊಂಡಿದ್ದರೆ ಪದವಿ ರದ್ದು. ಪದವಿಪತ್ರ ವಾಪಸ್ ಬರಬೇಕು. ಪೇಪರಿನವರಿಗೆ ಗೊತ್ತಾಗುವ ಮೊದಲೇ."

ಸೋಗು ಹಾಕಿ ವಂಚಿಸಿದ ಆರೋಪದಡಿ ಎಫ್‌ಐಆರ್ ದಾಖಲಾಯಿತು. ದೇರಪ್ಪ ಹೆಡ್ ಕಾನ್‌ಸ್ಟೆಬಲ್ ಯಮುನಾರನ್ನು ಕರೆದು ಜೀಪು ತೆಗೆಸಿದರು. ಆನೆ ಕಾಟ, ಕಾಫಿ ಕಳವು ಸಾಲದೆ ಈಗ ಸತ್ತವರ ಡಾಕ್ಟರೇಟು. "ಎಂತ ಮಾಡ್ದು," ಎಂದು ತಮ್ಮ ಅರೆಭಾಷೆಯಲ್ಲಿ ಗೊಣಗಿಕೊಂಡರು.

ಅನಿಲ್‌ಕುಮಾರ್ ಮನೆ ಇರುವುದು ಬಿಟ್ಟಂಗಾಲದಲ್ಲಿ. ಅಷ್ಟು ದೂರ ಗುಂಡಿ ತಪ್ಪಿಸುತ್ತ ಹೋಗುವಷ್ಟರಲ್ಲಿ ಮಧ್ಯಾಹ್ನವಾಯಿತು. ಕೋಚ್ ಅಂಗಳದಲ್ಲಿ ಕಾಫಿ ಹರವುತ್ತಿದ್ದವರು ಪೊಲೀಸರನ್ನು ಕಂಡು ಮುಖ ಸಣ್ಣ ಮಾಡಿದರು.

"ಊಟದ ಹೊತ್ತಲ್ಲಿ ತಮಾಷೆಗೆ ಅಂದಿದ್ದು ಸರ್. ಇಷ್ಟು ದೂರ ಹೋಗ್ತದೆ ಅಂತ ಗೊತ್ತಿರಲಿಲ್ಲ."

"ಏನಂದ್ರಿ?"

"ಹೆಬ್ಬಾಲೆ ಸ್ಕೂಲಲ್ಲಿ ಡ್ರಿಲ್ ಮಾಸ್ಟರ್ ಆಗಿದ್ದಾಗ ಅವರ ಹತ್ತಿರ ಭೀಮನ ಪಾರ್ಟು ಕಲ್ತಿದ್ದೆ. ಮೇಷ್ಟ್ರಿಗೆ ಎಡಗಿವಿ ಪೂರ್ತಿ ಕೇಳೋದಿಲ್ಲ. ಶ್ರುತಿ ತಪ್ಪಿದವರೆಲ್ಲ ಎಡಗಡೆ ನಿಂತು ಹಾಡ್ತಿದ್ದೆವು, ಬೈಗುಳ ತಪ್ಪಿಸ್ಕೊಳ್ಳೋಕೆ."

"ಸರಿ."

"ಶನಿವಾರ ನಾನು ಅವರ ಎಡಗಡೆ ಕುರ್ಚಿಯಲ್ಲಿದ್ದೆ. ಭಾಷಣ ಮುಗೀತಾನೇ ಇರಲಿಲ್ಲ. ಮೆಲ್ಲಗೆ, ಊಟ ತಣ್ಣಗಾಯ್ತು ಅಂದೆ. ಕೂಡಲೇ, ಹಪ್ಪಳ ಮೆತ್ತಗಾಗಿರ್ತದೆ ಅಂದ್ರು. ಕಿವಿ ಸರಿಹೋಗಿದೆ ಅಂತ ಖುಷಿಪಟ್ಟು ರಿಜಿಸ್ಟ್ರಾರ್ ಹತ್ತಿರ ಹೇಳಿದೆ. ಸಂಜೆ ಸಾವಿನ ಸುದ್ದಿ ಬಂದ ಮೇಲೆ ಆ ಮನುಷ್ಯ ಫೋನ್ ಮೇಲೆ ಫೋನ್ ಮಾಡಿ ಕೇಳಿದ. ಬಾಯಿ ಮುಚ್ಕೊಂಡು ಇರಬೇಕಿತ್ತು ನಾನು."

ಹೇಳಿಕೆಗೆ ಸಹಿ ಹಾಕುವಾಗ ಕೋಚ್ ತಲೆ ಎತ್ತಲಿಲ್ಲ.

ಸಂಜೆ ನಾಲ್ಕೂವರೆಗೆ ವಿಶ್ವವಿದ್ಯಾಲಯದಲ್ಲಿ ಕುಲಸಚಿವರ ಕಚೇರಿಯ ಸಹಾಯಕಿ ಅನುಶ್ರೀ ಸಿಕ್ಕಳು. ಶುಕ್ರವಾರ ಮಧ್ಯಾಹ್ನ ಗೌನು ಅಳತೆ ನೋಡಲು ಮೇಷ್ಟ್ರ ಮನೆಗೆ ಹೋದವಳು ಅವಳೇ.

"ಅವರನ್ನ ಕಣ್ಣಾರೆ ನೋಡಿದಿರಾ?" ದೇರಪ್ಪ ಕೇಳಿದರು.

"ಜಗಲಿ ಮೇಲೆ ಕೂತಿದ್ರು ಸರ್. ಮಫ್ಲರು, ಟೋಪಿ, ದಪ್ಪ ಕನ್ನಡಕ. ಗಂಟಲು ಕಟ್ಟಿದೆ, ಮಾತಾಡಿಸಬೇಡಿ ಅಂದ್ರು ಅವರ ಹೆಂಡತಿ. ಗೌನು ಸರಿಹೋಯ್ತು, ಬಂದೆ."

"ಮನೆಯವರು ಹೇಗಿದ್ರು?"

"ಲಿಂಗಮ್ಮಜ್ಜಿ ಚೆನ್ನಾಗೇ ಇದ್ರು. ಹಣೆ ತುಂಬ ಕುಂಕುಮ ಇಟ್ಕೊಂಡಿದ್ರು. ಕಾಫಿ ಕೊಟ್ರು." ಅವಳು ಸ್ವಲ್ಪ ನಕ್ಕಳು. "ಹೋಟೆಲ್ ಕಾಫಿ. ಪಾರ್ಸೆಲ್ ಮಾಡಿಸಿ ತಂದಿದ್ದು, ಆರಿಹೋಗಿತ್ತು. ಗ್ಯಾಸ್ ಮುಗಿದಿದೆ ಅಂದ್ರು."

ಜೀಪು ಹತ್ತಿದ ಮೇಲೂ ಯಮುನಾ ಆ ಹೋಟೆಲ್ ಕಾಫಿಯ ಮಾತನ್ನೇ ಮೆಲುಕು ಹಾಕುತ್ತಿದ್ದರು. ಆಕೆಯ ತವರು ಅರಕಲಗೂಡು ಕಡೆ, ಮೇಷ್ಟ್ರ ಮನೆತನದ ಪೈಕಿಯೇ. ಏನೆಂದು ದೇರಪ್ಪ ಕೇಳಿದ ಮೇಲೆ ಬಾಯಿ ಬಿಟ್ಟರು.

"ಆ ಮನೇಲಿ ಕಾಫಿ ಗಿಡ ಐತೆ ಸಾರ್. ಸೌದೆ ಒಲೆ ಐತೆ. ಗ್ಯಾಸ್ ಮುಗುದ್ರೆ ಏನಾಯ್ತು? ಬಂದೋರ್ಗೆ ಅಂಗಡಿ ಕಾಫಿ ಕೊಡೋ ಮನೆ ಅಲ್ಲ ಅದು."

"ಮತ್ತೆ?"

"ಹೆಣ ಮನೇಲಿರೋವಾಗ ಒಲೆ ಹಚ್ಚಲ್ಲ ಸಾರ್ ನಮ್ಮಲ್ಲಿ. ಕುಂಕುಮ ಇಟ್ಕೊಂಡು ಸುಳ್ಳು ಹೇಳ್ಬೋದು. ಗಂಡನ ಹೆಣ ಒಳಗಿಟ್ಕೊಂಡು ಒಲೆ ಹಚ್ಚೋಕೆ ಕೈ ಬರಲ್ಲ."

ದೇರಪ್ಪ ಕಿಟಕಿಯಾಚೆ ನೋಡಿದರು. ಕೇಸು ಬಿಡಿಸಿದೆವೆಂಬ ಸಂತೋಷ ಅವರಿಗಾಗಲಿಲ್ಲ. ನಿಜ ಹೇಳಬೇಕೆಂದರೆ ಆ ಜೀಪಿನಲ್ಲಿದ್ದ ಯಾರಿಗೂ ಆಗಲಿಲ್ಲ.

ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಸಾಕ್ಷಿಗೆಂದು ಊರಿನ ಇಬ್ಬರು ಪಂಚರನ್ನು ಕರೆದುಕೊಂಡು ಅವರು ಮೇಷ್ಟ್ರ ಮನೆಗೆ ಹೋದರು. ಜಗಲಿಯ ಮೂಲೆಯಲ್ಲಿ ಹಾರ್ಮೋನಿಯಂ ಪೆಟ್ಟಿಗೆ, ಅದರ ಮೇಲೆ ಒಂದು ಹೂವು. ಲಿಂಗಮ್ಮ ಬರಿ ಹಣೆಯಲ್ಲಿ ಗೋಡೆಗೊರಗಿ ಕುಳಿತಿದ್ದರು. ಅವರ ಪಕ್ಕದಿಂದ ಮೇಷ್ಟ್ರ ತಮ್ಮ ಜವರ ಎದ್ದು ನಿಂತ. ಅಣ್ಣನಿಗಿಂತ ಎರಡು ವರ್ಷ ಚಿಕ್ಕವನು. ಅದೇ ಮೂಗು, ಅದೇ ಬಾಗಿದ ಬೆನ್ನು. ಇಡೀ ಊರು ಅವನನ್ನು ದಿನಾ ನೋಡುತ್ತಿತ್ತು, ಆದರೆ ಅವನಿಲ್ಲದಿದ್ದರೆ ಎಲ್ಲಿ ಹೋದ ಎಂದು ಯಾರೂ ಕೇಳುತ್ತಿರಲಿಲ್ಲ.

ದೇರಪ್ಪ ಸುತ್ತು ಬಳಸಲಿಲ್ಲ. "ಶುಕ್ರವಾರ ಅಡುಗೆ ಮಾಡಿದ್ರಾ ಅಮ್ಮ?"

ಲಿಂಗಮ್ಮನವರ ಕಣ್ಣು ಒಳಗಿನ ಒಲೆಯ ಕಡೆ ಹೋಗಿ ಬಂತು.

"ಅತ್ತಿಗೇನ ಕೇಳ್ಬ್ಯಾಡಿ ಸೋಮಿ," ಜವರ ಅಡ್ಡ ಬಂದ. "ಅವ್ರಿಗೇನೂ ಗೊತ್ತಿಲ್ಲ. ನಾನೇ ಮಾಡಿದ್ದು."

"ಏನು ಮಾಡಿದೆ?"

"ಪಾರ್ಟು."

ಪಂಚರು ಮುಖ ಮುಖ ನೋಡಿಕೊಂಡರು. ದೇರಪ್ಪ ಜಗಲಿಯ ಅಂಚಿನಲ್ಲಿ ಕುಳಿತು, ಅವನಿಗೂ ಕೂರಲು ಹೇಳಿದರು.

"ಅಣ್ಣ ತೀರಿದ್ದು ಯಾವಾಗ?"

"ಸುಕ್ರವಾರ ಹೊತ್ತಾರೆ. ಎದೆ ಹಿಡ್ಕಂತು ಅಂದ. ಆಟೋದಲ್ಲಿ ಹಾಕ್ಕಂಡು ಪಿರಿಯಾಪಟ್ಟಣಕ್ಕೆ ಓಡ್ಸ್ದೆ. ಸೇತುವೆ ದಾಟ್ತಿದ್ದಂಗೇ ಹೋಗ್ಬುಟ್ಟ. ಡಾಕ್ಟ್ರು ನೋಡಿ, ತಗಂಡೋಗಪ್ಪ ಅಂದ್ರು."

"ಊರಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಮಾರ್ನೇ ದಿನ ಇನಿವರ್ಸಿಟಿಯೋರು ಹೆಸ್ರು ಕೂಗ್ತಿರ್ಲಿಲ್ವಲ್ಲ."

"ಹೆಣ ಹೇಗೆ ಇಟ್ಕೊಂಡಿದ್ರಿ?"

ಜವರ ತಲೆ ತಗ್ಗಿಸಿದ. "ಕುಸಾಲ್ನಗ್ರದ ಮೀನಂಗ್ಡೀಲಿ ಐಸ್ ತಂದೆ. ಮೀನು ಅಂದ್ರೆ ಮೂಗು ಮುಚ್ತಿದ್ದ ನಮ್ಮಣ್ಣ. ಕಡೇಗೆ ಅದ್ರಲ್ಲೇ ಮಲಗ್ಸಿದ್ನಲ್ಲ ನಾನು."

ಲಿಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ದೇರಪ್ಪ ಅಂಗಳಕ್ಕಿಳಿದು ಪಿರಿಯಾಪಟ್ಟಣಕ್ಕೆ ಒಬ್ಬ ಕಾನ್‌ಸ್ಟೆಬಲ್‌ನನ್ನು ಓಡಿಸಿದರು. ಒಂದೂವರೆ ತಾಸಿನಲ್ಲಿ ಅವನ ಫೋನ್ ಬಂತು. ಡಾಕ್ಟರಿಗೆ ಚೆನ್ನಾಗಿ ನೆನಪಿದೆ. ಹೃದಯಾಘಾತ, ಶುಕ್ರವಾರ ಬೆಳಗ್ಗೆ, ದಾರಿಯಲ್ಲೇ ಹೋಗಿತ್ತು, ಅನುಮಾನ ಏನೂ ಇಲ್ಲ. ದೇರಪ್ಪ ಒಂದು ಉಸಿರು ಬಿಟ್ಟು ಮತ್ತೆ ಜಗಲಿಗೆ ಬಂದರು.

"ಮೋಸ ಅಂತ ಗೊತ್ತಾಗಲಿಲ್ವೇನಪ್ಪ ನಿನಗೆ?"

ಜವರನಿಗೆ ಆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. "ನಾಟಕ್ದಲ್ಲಿ ಕರ್ಣಂಗೆ ಜ್ವರ ಬಂದ್ರೆ ಏನ್ ಮಾಡ್ತಾರೆ ಸೋಮಿ? ಅವನ್ ಬಟ್ಟೆ ಇನ್ನೊಬ್ಬ ಹಾಕ್ಕಂಡು ಹೋಗ್ತಾನೆ. ಜನಕ್ಕೆ ಹೇಳ್ತಾರಾ? ಅಣ್ಣ ಹೇಳ್ಕೊಟ್ಟಿದ್ದೇ ಅದು. ಹಾಡು ಎತ್ತಿದ ಮ್ಯಾಕೆ ಪಾತ್ರ ಬರ್ಬೇಕು, ರಂಗ ಖಾಲಿ ಬಿಟ್ರೆ ಮೇಷ್ಟ್ರಿಗೆ ಅವಮಾನ. ಯಾರ್ ಬರ್ದಿದ್ರೂ ಅವ್ರ್ ಪಾರ್ಟು ನಾನೇ ಹಾಕ್ತಿದ್ದೆ. ಎಲ್ಲ ಪಾರ್ಟೂ ಬಾಯಿಗೆ ಬತ್ತದೆ ನಂಗೆ."

"ನಿನ್ನ ಪಾರ್ಟು ಯಾವುದಿತ್ತು?"

"ನಂದು ಅಂತ ಯಾವ್ದೂ ಇರ್ಲಿಲ್ಲ."

ಗೋಡೆಗೊರಗಿದ್ದಲ್ಲಿಂದಲೇ ಲಿಂಗಮ್ಮ ಮೊದಲ ಸಲ ಮಾತಾಡಿದರು. ಆ ಮಾತಿನಲ್ಲಿ ಅಳುವಿಗಿಂತ ಸಿಟ್ಟೇ ಹೆಚ್ಚಿತ್ತು. "ಹೋದೊರ್ಸವೇ ಕೊಡ್ತೀವಿ ಅಂದಿದ್ರು. ದೊಡ್ಡೋರು ಯಾರೋ ಬರೋಕಾಗಲ್ಲ ಅಂದ್ರು ಅಂತ ಮುಂದಕ್ಕಾಕುದ್ರು. ಇನ್ನೊಂದ್ಸಲ ಹಂಗೇ ಆಯ್ತು. ಎರಡು ಸತಿನೂ ಪಂಚೆ ಇಸ್ತ್ರಿ ಮಾಡಿಸ್ಕಂಡು, ಕ್ಷೌರ ಮಾಡಿಸ್ಕಂಡು ಕುಂತಿದ್ರು. ಇದ್ದಾಗ ಕೊಡ್ಬೇಕಿತ್ತು. ಸತ್ತೋರ್ಗೆ ಕೊಡಲ್ಲ ಅನ್ನೋರು ಇದ್ದಾಗ ಯಾಕ್ ಕೊಡ್ನಿಲ್ಲ?"

ದೇರಪ್ಪ ಕೇಳಿಸದವರಂತೆ ಪಂಚನಾಮೆಯ ಹಾಳೆ ತೆಗೆದರು. ಮಫ್ಲರು, ಉಣ್ಣೆಯ ಟೋಪಿ, ಮೇಷ್ಟ್ರ ಕನ್ನಡಕ, ಬಿಳಿ ಮೀಸೆ ಅಂಟಿಸುವ ಗೋಂದಿನ ಸೀಸೆ, ಇಷ್ಟು ವಶಪಡಿಸಿಕೊಂಡರು. ಗೌನನ್ನು ಜವರ ಶನಿವಾರವೇ ಮಡಿಸಿ ವಾಪಸ್ ಕೊಟ್ಟಿದ್ದ.

"ನಿಮ್ಮ ನಾಟಕದ ತಂಡದವರು ಶನಿವಾರ ಸಭಾಂಗಣದ ಹಿಂದಿನ ಸಾಲಲ್ಲಿ ಕೂತಿದ್ರಲ್ಲ. ಅವರಿಗೆ ಗೊತ್ತಿತ್ತಾ?"

"ಇಲ್ಲ, ಇಲ್ಲ, ಯಾರ್ಗೂ ಗೊತ್ತಿರ್ಲಿಲ್ಲ," ಎಂದ ಜವರ, ಕೇಳಿ ಮುಗಿಯುವ ಮೊದಲೇ. ಪಂಚರಲ್ಲೊಬ್ಬ ತಂಡದ ದುರ್ಯೋಧನ. ಅವನು ಗಂಟಲು ಸರಿಪಡಿಸಿಕೊಂಡು ಹೊಲದ ಕಡೆ ನೋಡಿದ. ದೇರಪ್ಪ ಬರೆಯುವುದನ್ನು ನಿಲ್ಲಿಸಿ, ಆ ಪ್ರಶ್ನೆಯನ್ನೇ ಬಿಟ್ಟರು.

"ಪದವಿಪತ್ರ ಎಲ್ಲಿ?"

ಜವರ ಅಂಗಳ ದಾಟಿ ಹೊಂಗೆ ಮರದ ಕೆಳಗಿನ ಹಸಿ ಮಣ್ಣಿನ ದಿಬ್ಬದತ್ತ ಕೈ ತೋರಿಸಿದ. ಅಲ್ಲಿ ಹಾಲು ತುಪ್ಪ ಬಿಟ್ಟ ಗುರುತು ಇನ್ನೂ ಮಾಸಿರಲಿಲ್ಲ.

"ಶನಿವಾರ ಬಂದೋನೇ ಬಾಗ್ಲು ಹಾಕ್ಕಂಡು ಅದ್ರಲ್ಲಿದ್ದುದ್ನೆಲ್ಲ ಅವ್ನ್ ಬಲಗಿವೀಲಿ ಓದಿ ಹೇಳ್ದೆ. ಎಡಗಿವಿ ಕೇಳ್ಸಲ್ವಲ್ಲ. ಆಮೇಲೆ ಎದೆ ಮ್ಯಾಲೆ ಇಟ್ಟು ಮಣ್ಣು ಮಾಡುದ್ವಿ."

ಯಮುನಾ ಎದ್ದು ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಬಂದರು.

ಮಧ್ಯಾಹ್ನ ಒಂದೂಕಾಲಕ್ಕೆ ಜವರನನ್ನು ಬಂಧಿಸಿ ಠಾಣೆಗೆ ತಂದರು. ಬಂಧನ ಪತ್ರ ಮುಂದಿಟ್ಟಾಗ ಅವನು ಪೆನ್ನು ಹಿಡಿದು ತಡೆದ. ಶನಿವಾರ ಘಟಿಕೋತ್ಸವದ ರಿಜಿಸ್ಟರಿನಲ್ಲಿ ಅಣ್ಣನ ಸಹಿಯನ್ನು ಒಂದಿಷ್ಟೂ ಅಳುಕದೆ ಹಾಕಿದ್ದವನು ಈಗ ಪೆನ್ನನ್ನು ಹಾಳೆಗೆ ತಾಗಿಸಿ ಮತ್ತೆ ಎತ್ತಿದ.

"ನಿನ್ನ ಹೆಸರೇ ಹಾಕು," ಎಂದರು ದೇರಪ್ಪ.

"ನಂದು ಹಾಕಿ ರೂಢಿ ಇಲ್ಲ ಸೋಮಿ."

ಅವನು ನಿಧಾನವಾಗಿ, ಒಂದೊಂದೇ ಅಕ್ಷರವಾಗಿ ಜವರ ಎಂದು ಬರೆದ. ಜಾಮೀನು ಸಿಗುವ ಅಪರಾಧ. ಸಂಜೆಯ ಹೊತ್ತಿಗೆ ತಂಡದ ಅರ್ಧಕ್ಕರ್ಧ ಜನ ಜಾಮೀನಿಗೆ ಬಂದು ಹುಣಸೆ ಮರದ ಕೆಳಗೆ ನಿಂತರು. ಅವರ ಹಿಂದೆಯೇ ಕುಲಸಚಿವರೂ ಬಂದರು.

"ಭೇಷ್ ಇನ್ಸ್‌ಪೆಕ್ಟರೇ. ಪದವಿಪತ್ರ ಸಿಕ್ಕಿತಾ? ಅದಿಲ್ಲದೆ ರದ್ದತಿ ಕಡತ ಮುಂದೆ ಹೋಗೋದಿಲ್ಲ. ನಿಯಮ ಹಾಗಿದೆ."

"ಇರುವ ಜಾಗ ಗೊತ್ತಾಗಿದೆ ಸರ್. ಸಮಾಧಿಯಲ್ಲಿ, ಮೇಷ್ಟ್ರ ಎದೆ ಮೇಲೆ."

ಜಯಪ್ರಕಾಶ್ ಕುರ್ಚಿಯ ಬೆನ್ನು ಹಿಡಿದುಕೊಂಡರು.

ದೇರಪ್ಪ ಡ್ರಾಯರಿನಿಂದ ಒಂದು ಬಿಳಿ ಹಾಳೆ ತೆಗೆದು ಅವರ ಮುಂದೆ ಸರಿಸಿದರು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಬರೀ ದಣಿವಿತ್ತು. "ತಹಶೀಲ್ದಾರರಿಗೆ ಒಂದು ಅರ್ಜಿ ಬರೆದುಕೊಡಿ. ಘಟಿಕೋತ್ಸವ ಎರಡು ಸಲ ಯಾಕೆ ಮುಂದೆ ಹೋಯ್ತು ಅಂತಲೂ ಬರೆಯಿರಿ, ಅವರು ಕೇಳೇ ಕೇಳ್ತಾರೆ. ಅನುಮತಿ ಬಂದ ದಿನ ನಾನೇ ಗುದ್ದಲಿ ತರಿಸ್ತೇನೆ. ಮಣ್ಣು ತೆಗೆಯುವಾಗ ದೂರುದಾರರು ಪಕ್ಕದಲ್ಲಿ ನಿಂತಿರಬೇಕು. ಆ ಅಜ್ಜಿಯೂ ಇರ್ತಾರೆ."

ಕುಲಸಚಿವರು ಪೆನ್ನಿನ ಮುಚ್ಚಳ ತೆಗೆದರು. ಕಿಟಕಿಯಾಚೆ ಹುಣಸೆ ಮರದ ಕೆಳಗೆ ನಿಂತಿದ್ದವರನ್ನು ನೋಡಿದರು. ಮುಚ್ಚಳ ಹಾಕಿದರು. ಸಿಂಡಿಕೇಟಿನಲ್ಲಿ ಚರ್ಚಿಸಿ ತಿಳಿಸುತ್ತೇನೆಂದು ಹೇಳಿ ಕಾರು ಹತ್ತಿದರು. ಸಿಂಡಿಕೇಟು ಮತ್ತೆ ಸೇರುವುದು ಯಾವಾಗ ಎಂದು ದೇರಪ್ಪ ಕೇಳಲಿಲ್ಲ.

ದೋಷಾರೋಪ ಪಟ್ಟಿಯಲ್ಲಿ ಆರೋಪಿಯ ಉದ್ದೇಶ ಬರೆಯುವ ಜಾಗಕ್ಕೆ ಬಂದಾಗ ಅವರು ಬಹಳ ಹೊತ್ತು ಯೋಚಿಸಿದರು. ಕೊನೆಗೆ ಬರೆದದ್ದು ಒಂದೇ ಸಾಲು: ಅಣ್ಣನ ಹೆಸರು ಕೂಗಿದಾಗ ವೇದಿಕೆಗೆ ಯಾರೂ ಬಾರದೆ ಇರಬಾರದೆಂಬ ಕಾರಣಕ್ಕೆ.

ತಿಥಿಯ ಮರುದಿನ ದೇರಪ್ಪ ಮತ್ತು ಯಮುನಾ ಹೆಬ್ಬಾಲೆ ಕಡೆ ಬೇರೊಂದು ಕಾಫಿ ಕಳವಿನ ತನಿಖೆಗೆ ಹೋದವರು ಮೇಷ್ಟ್ರ ಮನೆಯ ಮುಂದೆ ಜೀಪು ನಿಲ್ಲಿಸಿದರು. ಹಂಚಿನ ಸಂದಿನಿಂದ ಹೊಗೆ ಏಳುತ್ತಿತ್ತು. ಜಗಲಿಯಲ್ಲಿ ಜವರ ಹಾರ್ಮೋನಿಯಂ ತೆಗೆದು ಇಬ್ಬರಿಗೆ ಹಾಡು ಹೇಳಿಕೊಡುತ್ತಿದ್ದ. ಅವರು ಅವನನ್ನು ಮೇಷ್ಟ್ರೇ ಎನ್ನುತ್ತಿದ್ದರು.

ಲಿಂಗಮ್ಮ ಎರಡು ಲೋಟ ತಂದು ಇಬ್ಬರ ಕೈಗೂ ಕೊಟ್ಟರು.

"ಕುಡೀರಿ. ಈವತ್ತು ಮನೇದೇ."

ಬೆಲ್ಲ ಸ್ವಲ್ಪ ಜಾಸ್ತಿಯಾಗಿತ್ತು. ದೇರಪ್ಪ ಜಗಲಿಯ ಅಂಚಿನಲ್ಲಿ ಕುಳಿತು ಪೂರ್ತಿ ಕುಡಿದರು.