ಉಗುರಿನ ದಪ್ಪದ ಮೆಟ್ಟಿಲು

ಗಂಡಮಟ್ಟಿ ದುರ್ಗಕ್ಕೆ ಏಳು ಸುತ್ತಿನ ಕೋಟೆಯಿತ್ತೆಂದು ಹೊಗಳುಭಟ್ಟರು ಹಾಡುತ್ತಿದ್ದರು. ಸುಳ್ಳು, ಇದ್ದವು ಮೂರೇ ಸುತ್ತು, ಮಿಕ್ಕ ನಾಲ್ಕನ್ನು ಅವರು ಬಾಯಲ್ಲೇ ಕಟ್ಟಿದರು. ಆದರೆ ಆ ವೈಶಾಖದ ಮುಂಜಾವಿನಲ್ಲಿ, ಸುಣ್ಣ ಬಳಿದ ಬುರುಜುಗಳ ಮೇಲೆ ಎಳೆಬಿಸಿಲು ಹರಿದು, ಹೂವಾಡಗಿತ್ತಿಯರ ಕೂಗೂ ಪಟ್ಟದಾನೆಯ ಘಂಟಾನಾದವೂ ರಾಜಬೀದಿಯನ್ನು ತುಂಬಿದ್ದಾಗ, ಉತ್ತರದ ಹೆಬ್ಬಾಗಿಲ ಮೇಲೆ ಶೂಲಗಳಿಗೆ ಸಿಕ್ಕಿಸಿದ್ದ ಹನ್ನೊಂದು ರುಂಡಗಳು ಮಾತ್ರ ನೂರಕ್ಕೆ ನೂರು ನಿಜ. ಒಂಬತ್ತೆನ್ನುವವರೂ ಇದ್ದಾರೆ, ಅವರು ಕಾಗೆಗಳು ಮುಚ್ಚಿಕೊಂಡಿದ್ದ ಎರಡನ್ನು ಎಣಿಸಲಿಲ್ಲ, ಅಷ್ಟೆ. ಎಲ್ಲವೂ ದಳವಾಯಿ ಕಾಮೆಯನ ನ್ಯಾಯದ ಫಲ. ಹನ್ನೆರಡನೆಯ ಶೂಲಕ್ಕೆ ಅಂದು ಎಣ್ಣೆ ಸವರಿ ನಿಲ್ಲಿಸಿದ್ದರು. ಅದು ಪ್ರಧಾನಿ ದೇಮರಸನ ತಲೆಗಾಗಿ.

ಕೋಟೆಯ ನೀರಿನ ಸುರಂಗದ ದಾರಿಯನ್ನು ಶತ್ರುರಾಜನಿಗೆ ತಿಳಿಸುವ ಓಲೆಯೊಂದು ಪ್ರಧಾನಿಯ ಬರಹದ ಪೆಟ್ಟಿಗೆಯಲ್ಲಿ, ಮುಂದಕ್ಕೆಳೆಯುವ ಖಾನೆಯೊಳಗೆ ಸಿಕ್ಕಿತ್ತು. ಆ ಖಾನೆಯ ಬೀಗಕ್ಕೆ ಇದ್ದದ್ದು ಒಂದೇ ಕೀಲಿಕೈ. ಅದು ಹಗಲಿರುಳೂ ದೇಮರಸನ ಕೊರಳ ದಾರದಲ್ಲಿರುತ್ತಿತ್ತು. ಬೀಗ ಮುರಿದಿರಲಿಲ್ಲ, ಮರ ಸೀಳಿರಲಿಲ್ಲ. ಅದೂ ಅರಮನೆಯ ಬಡಗಿ ಕೇತೋಜ ಮಾಡಿದ ಖಾನೆ. ಒಂದು ಹಲಗೆಯ ತುದಿಯಲ್ಲಿ ಹಕ್ಕಿಯ ಬಾಲದಂತೆ ಅರಳಿದ ಆಕಾರಗಳನ್ನು ಕೊರೆದು, ಅವನ್ನು ಇನ್ನೊಂದು ಹಲಗೆಯ ಹಲ್ಲುಗಳ ನಡುವೆ ಬಡಿದು ಕೂರಿಸಿ, ಮೊಳೆಯ ಹಂಗಿಲ್ಲದೆ ಕಚ್ಚಿಸಿದ ಕೆಲಸ. ಕೂಡಿದ ಮೇಲೆ ನಡುವೆ ಕೂದಲೂ ನುಸುಳದೆಂದು ನಾಡೆಲ್ಲ ಹೆಸರು. ಹಾಗಿದ್ದ ಮೇಲೆ ಓಲೆಯನ್ನು ಇಟ್ಟವನು ಕೀಲಿಕೈಯವನಲ್ಲದೆ ಇನ್ನಾರು? ಬಡಗಿಯ ಕುಶಲತೆಯೇ ಪ್ರಧಾನಿಯ ಕೊರಳಿಗೆ ಉರುಳಾಯಿತು.

ಆ ಬಡಗಿಯಾದರೋ ಅಂದು ಬೆಳಗ್ಗೆ ಕಂದಕದ ದಂಡೆಯಲ್ಲಿ ಮೊಣಕಾಲೂರಿದ್ದ. ತಲೆಯಿಲ್ಲದ ಹೆಣವೊಂದು ತೇಲಿಬಂದಿತ್ತು. ಎಡಗೈಯ ಕಿರುಬೆರಳಿಗೆ ತುದಿಯಿರಲಿಲ್ಲ. ಆ ತುದಿಯನ್ನು ಹದಿನೆಂಟು ವರ್ಷಗಳ ಹಿಂದೆ ಸ್ವಂತ ಉಳಿಗೆ ಒಪ್ಪಿಸಿದ್ದವನು ಕೇತೋಜನ ತಮ್ಮ ಬೊಪ್ಪೋಜ. ಆರು ದಿನಗಳಿಂದ ಅವನು ಮನೆಗೆ ಬಂದಿರಲಿಲ್ಲ. ಹೆಣದ ಉಗುರುಗಳ ಸಂದಿಯಲ್ಲಿ ಕೆಂಪು ಅರಗು ಮೆತ್ತಿಕೊಂಡಿತ್ತು. ಅಳುವುದಕ್ಕೂ ಬಿಡುವು ಕೊಡದೆ ದಳವಾಯಿಯ ಭಟರು ಕೇತೋಜನ ರಟ್ಟೆ ಹಿಡಿದು ಅರಮನೆಯ ಅಂಗಳಕ್ಕೆ ಎಳೆತಂದರು.

ಅಂಗಳದಲ್ಲಿ ಬಿಸಿಲು ಕಾಯುತ್ತಿತ್ತು. ಎತ್ತರದ ಪೀಠದಲ್ಲಿ ಇಂದರಸ ಮಹಾರಾಜ. ಪಟ್ಟವೇರಿ ವರ್ಷವೂ ಕಳೆದಿರದ, ದಳವಾಯಿ ಕೆಮ್ಮಿದರೆ ತಾನು ಬೆಚ್ಚುವ ದೊರೆ. ಕೆಳಗೆ ಕೈಗೆ ಸಂಕಲೆ ಬಿಗಿದ ದೇಮರಸ, ಮಗ್ಗುಲಲ್ಲಿ ಪರಶು ಹಿಡಿದ ತಳವಾರ, ನಡುವೆ ಆ ಪೆಟ್ಟಿಗೆ. ಖಾನೆಯನ್ನು ಪರೀಕ್ಷಿಸಿ, ಇದು ತನ್ನದೇ ಕೆಲಸ, ಎಲ್ಲಿಯೂ ಬಿಚ್ಚಿಲ್ಲ ಎಂದಷ್ಟು ನುಡಿದರೆ ಬಡಗಿ ಮನೆಗೆ ಹೋಗಬಹುದೆಂದು ಅಪ್ಪಣೆಯಾಯಿತು.

ಕೇತೋಜ ಖಾನೆಯನ್ನು ಹೊರಗೆಳೆದು ಹಿಂದುಮುಂದಾಗಿ ತಿರುಗಿಸಿ ಅಂಗೈಯಾಡಿಸಿದ. ಹಿಂಬದಿಯ ಮೂಲೆಯಲ್ಲಿ ಹೆಬ್ಬೆರಳು ನಿಂತಿತು. ಹಲ್ಲುಗಳ ತುದಿಯಲ್ಲಿ ಮರವಿರಬೇಕಾದಲ್ಲಿ ಮರದ ಬಣ್ಣದ್ದೇ ಏನೋ ಬಿಸಿಲಿಗೆ ಮೆತ್ತಗಾಗಿತ್ತು. ಬೆರಳನ್ನು ಮೂಸಿದ. ಅರಗು.

ದಳವಾಯಿ ಕಾಮೆಯ ಬಡಗಿಯ ಹತ್ತಿರ ಬಂದು, ನೆಂಟನ ಕ್ಷೇಮ ವಿಚಾರಿಸುವವನಂತೆ ಮೆಲ್ಲಗೆ ಕೇಳಿದ. "ಏನು ಆಚಾರಿ, ಬೆಳಗ್ಗೆ ಒಂದು ಹೆಣ ನೋಡಿಕೊಂಡು ಬಂದೆಯಂತೆ. ಮನೆಯ ದಾರಿ ನೆನಪಿದೆಯಷ್ಟೆ?"

ಕೇತೋಜ ಅವನತ್ತ ನೋಡದೆ ದೊರೆಗೆ ಕೈಮುಗಿದ. "ಮಹಾಸ್ವಾಮಿ, ಮುಂದಿನ ಹಲಗೆ ನನ್ನದು. ಎರಡು ಬದಿಯ ಹಲಗೆಗಳೂ ನನ್ನವು. ಹಿಂದಿನದು ನನ್ನದಲ್ಲ."

ಆ ಸಂಸ್ಥಾನದಲ್ಲೊಂದು ಕಟ್ಟಳೆಯಿತ್ತು. ದಳವಾಯಿಯ ತೀರ್ಪಿಗೆ ಎದುರಾಡುವ ಕುಶಲಕರ್ಮಿ ತನ್ನ ದುಡಿಯುವ ಕೈಯನ್ನು ಕೊರಡಿನ ಮೇಲೆ ಒತ್ತೆಯಿಟ್ಟು, ಪರಶುವಿನ ಕೆಳಗೇ ಮಾತನ್ನು ಸಾಧಿಸಬೇಕು. ತಪ್ಪಿದರೆ ಕೈ ಕೊರಡಿನದು. ಎಂಟು ಜನ ಹೀಗೆ ಕೈಯಿಟ್ಟಿದ್ದರು, ಎಂಟು ಕೈಗಳೂ ಹೋಗಿದ್ದವು. ಕೇತೋಜ ಬಲಗೈಯ ಕಡಗವನ್ನು ಕಳಚಿ, ಪ್ರಧಾನಿಯ ಪರವಾಗಿ ನಿಂತೆನೆಂಬಂತೆ ದೇಮರಸನ ಕಾಲ ಬಳಿ ಇಟ್ಟು, ಕೊರಡಿನ ಮೇಲೆ ಕೈ ಚಾಚಿದ.

"ಹಲಗೆಯ ಮೇಲೆ ಹಲಗೆ ಹೊಂದಿಸಿ ಗೀರೆಳೆಯುವಾಗ ಕೂದಲಷ್ಟು ಸರಿದರೂ ಖಾನೆ ಸೊಟ್ಟಗಾಗುತ್ತದೆ, ಮಹಾಸ್ವಾಮಿ. ಅದಕ್ಕೆ, ಬಾಲ ಕೊರೆಯುವ ಹಿಂದಿನ ಹಲಗೆಯ ಒಳಮೈಯಲ್ಲಿ, ಬಾಲಗಳ ಬುಡದ ಗೆರೆಗೆ ಸರಿಯಾಗಿ, ಉಗುರಿನ ದಪ್ಪದ ಮೆಟ್ಟಿಲೊಂದನ್ನು ತೆಗೆಯುತ್ತೇನೆ. ನೆಟ್ಟಗೆ ನಿಲ್ಲಿಸಿದ ಬದಿಹಲಗೆಯ ಮೇಲೆ ಅದನ್ನಿಟ್ಟರೆ ಮೆಟ್ಟಿಲು ತಾನಾಗಿ ಅಂಚಿಗೆ ಆತುಕೊಳ್ಳುತ್ತದೆ, ಅಲುಗುವುದಿಲ್ಲ. ಮೆಟ್ಟಿಲಿನಷ್ಟು ಹಲಗೆ ತೆಳ್ಳಗಾಗುವುದರಿಂದ ಬದಿಯ ಹಲ್ಲುಗಳನ್ನೂ ಅಷ್ಟು ಗಿಡ್ಡ ಕೊರೆಯುತ್ತೇನೆ. ಮೆಟ್ಟಿಲಿಲ್ಲದ ಹಲಗೆಯನ್ನು ತಂದು ಕೂರಿಸಿದರೆ ಹಲ್ಲುಗಳು ಹೊರಮೈಗೆ ಎಟಕುವುದಿಲ್ಲ. ಎಟಕದ ಕಡೆ ಇಲ್ಲಿ ಅರಗು ತುಂಬಿದ್ದಾರೆ. ಈ ಮೆಟ್ಟಿಲಿನ ಗುಟ್ಟನ್ನು ನಾನು ಒಡಹುಟ್ಟಿದವನಿಗೂ ಹೇಳಿಲ್ಲ."

ಕಾಮೆಯ ನಕ್ಕ, ಕಣ್ಣಿಗೆ ಕಾಣದ ಮೆಟ್ಟಿಲನ್ನು ಹತ್ತಿ ಪ್ರಧಾನಿಯನ್ನು ಇಳಿಸಲು ಬಂದಿದ್ದಾನೆ ಎಂದು ಲೇವಡಿ ಮಾಡಿದ. ಆದರೆ ದೊರೆಗೆ ಅಂದೇಕೋ ದೊರೆತನ ನೆನಪಾಯಿತು. ಕೇತೋಜನೇ ಮಾಡಿಕೊಟ್ಟಿದ್ದ, ರಾಣಿಯ ಆಭರಣದ ಖಾನೆಯನ್ನು ತರಿಸಿದ. ಬಲಗೈ ಕೊರಡಿನ ಮೇಲಿದ್ದಂತೆಯೇ ಬಡಗಿ ಎಡಗೈಯಲ್ಲಿ ಕೊಡತಿ ಹಿಡಿದು ಬಡಿದ. ಹಿಂದಿನ ಹಲಗೆ ಕಳಚಿ ಬಿತ್ತು. ಒಳಮೈಯ ಎರಡೂ ತುದಿಗಳಲ್ಲಿ ಉಗುರಿನ ದಪ್ಪದ ಮೆಟ್ಟಿಲು ಎದ್ದು ಕಂಡಿತು. ಬಳಿಕ ಪ್ರಧಾನಿಯ ಖಾನೆಗೆ ಬಡಿದ. ಅರಗು ಮೆತ್ತಗೆ ಮುದ್ದೆಮುದ್ದೆಯಾಗಿ ಕಿತ್ತುಬಂದು, ಹಲಗೆ ಅಂಗಾತ ಬಿತ್ತು. ಒಳಮೈ ಅಂಗೈಯಂತೆ ಸಪಾಟಾಗಿತ್ತು.

ಸಭೆ ಉಸಿರೆಳೆದುಕೊಳ್ಳುವಷ್ಟರಲ್ಲಿ ಕಾಮೆಯ ತಳವಾರನ ಪರಶುವನ್ನು ಕಿತ್ತುಕೊಂಡು ಬೀಸಿದ. ಕೇತೋಜನ ಬಲಗೈ ಮಣಿಕಟ್ಟಿನಲ್ಲಿ ತುಂಡಾಗಿ ಖಾನೆಯೊಳಗೆ ಬಿತ್ತು. ಮೂರು ಬೆರಳಷ್ಟೇ ಹೋದವೆಂದು ಬರೆದವರಿದ್ದಾರೆ. ಅವರ ಮನಸ್ಸು ಮೆದು. ಅದೇ ಬೀಸಿನಲ್ಲಿ ದಳವಾಯಿ ದೊರೆಯ ಪೀಠದ ಮೆಟ್ಟಿಲೇರಿದ. ಅಡ್ಡಬಂದ ಮೊದಲ ಅಂಗರಕ್ಷಕನ ದವಡೆ ಹಾರಿತು, ಎರಡನೆಯವನು ಸೀಳಿದ ಹೊಟ್ಟೆಯನ್ನು ಎರಡೂ ಕೈಗಳಿಂದ ಒತ್ತಿಕೊಂಡು ಕುಳಿತ. ಮೂರನೆಯ ಏಟು ದೊರೆಗೆ ಎತ್ತಿದ್ದು. ಅದು ಇಳಿಯುವ ಮುನ್ನ ದೇಮರಸ ಹಿಂದಿನಿಂದ ಹಾರಿ ಸಂಕಲೆಯನ್ನು ಅವನ ಕೊರಳಿಗೆ ಸುತ್ತಿ ಬೆನ್ನಿಗೆ ಮೊಣಕಾಲು ಕೊಟ್ಟ.

ಕಾಮೆಯನ ಕಣ್ಣುಗಳು ಹೊರಚಾಚಿದವು. ಆದರೂ ಬಡಗಿಯತ್ತ ತಿರುಗಿ ಉಗುಳಿದ. "ಕೊರೆದವನು ನಿನ್ನ ತಮ್ಮನೇ, ಆಚಾರಿ. ನನ್ನ ಅನ್ನ ಉಂಡು ಕೊರೆದ."

ಆಮೇಲೆ ಕತ್ತು ಮುರಿಯಿತು. ಕಬ್ಬು ಮುರಿದಷ್ಟೇ ಸದ್ದು.

ಮಾತು ನಿಜವಾಗಿತ್ತು. ಅರಮನೆಯೆಲ್ಲ ದೊರೆಯೊಡನೆ ಬೇಟೆಗೆ ಹೋಗಿದ್ದ ಒಂದು ಮಧ್ಯಾಹ್ನ, ಕಾಮೆಯನ ಭಟರು ಬೆನ್ನು ಮುಚ್ಚಿರದ ಆ ಪೆಟ್ಟಿಗೆಯನ್ನು ಗೋಡೆಯಿಂದ ಸರಿಸಿ, ಖಾನೆಯ ಹಿಂದಿನ ಹಲಗೆಯನ್ನು ಒಡೆದು ಓಲೆಯನ್ನಿಟ್ಟು, ಬೊಪ್ಪೋಜನಿಂದ ಹೊಸ ಹಲಗೆ ಕೂಡಿಸಿದ್ದರು. ಕೂಡಿಸುವವರೆಗೆ ಅವನ ಕತ್ತಿನ ಮೇಲಿದ್ದ ಕತ್ತಿ, ಕೂಡಿಸಿದ ಮೇಲೆ ಒಳಗಿಳಿಯಿತು. ಆದರೆ ಕಟ್ಟಳೆಗೆ ಕತ್ತಿ ಕಾಣುವುದಿಲ್ಲ. ದ್ರೋಹಕ್ಕೆ ಕೈಜೋಡಿಸಿದವನ ಹೆಣಕ್ಕೆ ಬೆಂಕಿಯಿಲ್ಲ, ಹದ್ದಿನ ಬಂಡೆಗೆ ಎಸೆಯಿರಿ ಎಂದು ದೊರೆ ನುಡಿದ. ರಕ್ತ ನಿಲ್ಲಲೆಂದು ಕುದಿಯುವ ಎಣ್ಣೆಯಲ್ಲಿ ಮಣಿಕಟ್ಟು ಅದ್ದಿದಾಗಲೂ ಬಾಯಿಬಿಡದ ಕೇತೋಜ ಈಗ ಒಮ್ಮೆ ನರಳಿದ. ಮರುಕ್ಷಣ ಎದ್ದು ಮನೆಯತ್ತ ಓಡಿದ.

ತಮ್ಮ ತನಗಾಗಿ ಮಾಡಿಕೊಂಡಿದ್ದ ಉಳಿಗಳ ಪೆಟ್ಟಿಗೆ ಮೂಲೆಯಲ್ಲಿತ್ತು. ಕೇತೋಜ ಅದನ್ನು ಕಾಲಿನಲ್ಲಿ ಅದುಮಿ ಹಿಡಿದು ಎಡಗೈಯಿಂದ ಬಡಿದ. ಹಲಗೆ ಕಳಚಿತು. ಒಳಮೈಯಲ್ಲಿ ಮೆಟ್ಟಿಲಿತ್ತು, ಅಣ್ಣನದಕ್ಕಿಂತ ನಯವಾಗಿ. ಇಪ್ಪತ್ತು ವರ್ಷ ಬೆನ್ನು ತಿರುಗಿಸಿ ಕೊರೆದ ಗುಟ್ಟನ್ನು ಬೆನ್ನ ಹಿಂದಿದ್ದವನು ಎಂದೋ ಕಲಿತು, ಅಣ್ಣನಿಗೆ ನೋವಾದೀತೆಂದು ಕಲಿತದ್ದನ್ನೇ ಮುಚ್ಚಿಟ್ಟಿದ್ದ.

ಕೇತೋಜ ಆ ಹಲಗೆಯನ್ನು ಎದೆಗವಚಿಕೊಂಡು ಬಂದು, ಅಂಗಳದಲ್ಲಿ ಬಿದ್ದಿದ್ದ ಸಪಾಟು ಹಲಗೆಯ ಪಕ್ಕದಲ್ಲಿಟ್ಟ.

"ಅವನಿಗೆ ಗೊತ್ತಿತ್ತು, ಮಹಾಸ್ವಾಮಿ. ಗೊತ್ತಿದ್ದೂ ಇಲ್ಲಿ ಮೆಟ್ಟಿಲು ತೆಗೆಯದೆ ಬಿಟ್ಟ. ನನ್ನ ಕೈಗೆ ತಾಗಲೆಂದೇ ಬಿಟ್ಟ."

ದೊರೆ ಹದ್ದಿನ ಬಂಡೆಯ ಮಾತನ್ನು ಹಿಂತೆಗೆದುಕೊಂಡ. ಹನ್ನೆರಡನೆಯ ಶೂಲಕ್ಕೆ ಕಾಮೆಯನ ತಲೆ ಏರಿತು. ಬೊಪ್ಪೋಜನ ಚಟ್ಟವನ್ನು ಮಹಾರಾಜನೇ ಹೊತ್ತನೆಂದು ಭಟ್ಟರು ಹಾಡುತ್ತಾರೆ. ಅದು ಆ ನಾಲ್ಕು ಸುತ್ತಿನ ಕೋಟೆಯ ಜಾತಿಯ ಮಾತು. ಹೊತ್ತವನು ದೇಮರಸ. ಸಂಕಲೆ ಕಚ್ಚಿದ ಅವನ ಮಣಿಕಟ್ಟಿನ ರಕ್ತ ದಾರಿಯುದ್ದಕ್ಕೂ ಬಿದಿರಿನ ಮೇಲೆ ಇಳಿಯುತ್ತಿತ್ತು. ಮುಂದೆ, ಬೆಂಕಿಯ ಮಡಕೆಯನ್ನು ಎಡಗೈಯಲ್ಲಿ ಹಿಡಿದು, ಒಂದಿಷ್ಟೂ ಅಲುಗದಂತೆ, ಕೇತೋಜ ನಡೆಯುತ್ತಿದ್ದ.